ಒಲವು, ಸಂದೇಹ ಮತ್ತು ರೇಚಲ್

ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಕಂಡು ಹಾವೆಂದು ಬೆದರಿದವನ ದೃಷ್ಟಾಂತವನ್ನು ನಮ್ಮ ವೇದಾಂತಿಗಳು ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ದೀಪ ಬಂದೊಡನೆ ಹಾವು ಮಾಯವಾಗುತ್ತದೆ, ಹಗ್ಗ ಉಳಿಯುತ್ತದೆ, ಭಯ ತೊಲಗುತ್ತದೆ. ರಹಸ್ಯಕಥೆಗಳ ಮರ್ಮವೂ ಇದೇ. ನೂರಾರು ಪುಟ ಕತ್ತಲಲ್ಲಿ ತಡವರಿಸಿದ ಓದುಗನಿಗೆ ಕೊನೆಯ ಪ್ರಕರಣದಲ್ಲಿ ಯಾರೋ ಒಬ್ಬರು ದೀಪ ಹಿಡಿದು ತೋರಿಸುತ್ತಾರೆ. ಆದರೆ ದೀಪವೇ ಬಾರದಿದ್ದರೆ? ಹಗ್ಗವೋ ಹಾವೋ ನಿಶ್ಚಯವಾಗುವ ಮೊದಲೇ ಮನುಷ್ಯನು ಆ ಮಬ್ಬಿನಲ್ಲಿ ದೊಣ್ಣೆಯೆತ್ತಿ ಹೊಡೆದುಬಿಟ್ಟರೆ? ಈ ಪ್ರಶ್ನೆಯನ್ನು ನನ್ನ ಮುಂದೆ ನಿಲ್ಲಿಸಿದ ಚಲಚ್ಚಿತ್ರ, 1952ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಮೈ ಕಸಿನ್ ರೇಚಲ್’.

ಡಾಫ್ನಿ ಡು ಮೋರಿಯೇ ಇದೇ ಹೆಸರಿನ ಕಾದಂಬರಿಯನ್ನು 1951ರಲ್ಲಿ ಪ್ರಕಟಿಸಿದರು. ಮರುವರ್ಷವೇ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ ಅದನ್ನು ಕಪ್ಪು ಬಿಳುಪಿನ ಚಿತ್ರವಾಗಿ ತೆರೆಗೆ ತಂದಿತು. ನಿರ್ದೇಶಕರು ಹೆನ್ರಿ ಕೋಸ್ಟರ್. ಚಿತ್ರಕಥೆ ನನಲಿ ಜಾನ್ಸನ್ ಅವರದು. ರೇಚಲ್ ಆಗಿ ಒಲಿವಿಯಾ ಡಿ ಹ್ಯಾವಿಲೆಂಡ್, ಫಿಲಿಪ್ ಆಗಿ ರಿಚರ್ಡ್ ಬರ್ಟನ್ ನಟಿಸಿದರು. ಬರ್ಟನ್ನರಿಗೆ ಆಗ ಇಪ್ಪತ್ತೇಳು ವರ್ಷ. ಅಮೆರಿಕದ ಚಿತ್ರರಂಗಕ್ಕೆ ಅವರನ್ನು ಪರಿಚಯಿಸಿದ್ದು ಈ ಚಿತ್ರವೇ. ಆಸ್ಕರ್ ಪಾರಿತೋಷಕಕ್ಕೆ ಅವರ ಹೆಸರು ಮೊದಲು ಸೂಚಿತವಾದದ್ದೂ ಇದೇ ಪಾತ್ರಕ್ಕಾಗಿ.

ಕತೆಯ ಹೊರಮೈ ಸರಳವಾದುದು. ಇಂಗ್ಲೆಂಡಿನ ನೈಋತ್ಯದ ಕಡಲ ಕರೆಯಲ್ಲಿರುವ ಕಾರ್ನ್‌ವಾಲ್ ಪ್ರಾಂತದ ಶ್ರೀಮಂತ ಆಂಬ್ರೋಸ್ ಆಶ್ಲಿ, ತಬ್ಬಲಿಯಾದ ಸೋದರಬಂಧು ಫಿಲಿಪ್‌ನನ್ನು ಮಗನಂತೆ ಸಾಕುತ್ತಾನೆ. ಆರೋಗ್ಯಕ್ಕೆಂದು ಇಟಲಿಗೆ ಹೋದವನು ಫ್ಲಾರೆನ್ಸ್ ನಗರದಲ್ಲಿ ರೇಚಲ್ ಎಂಬ ದೂರದ ನಂಟಿನ ಹೆಂಗಸನ್ನು ಕಂಡು ಮದುವೆಯಾಗುತ್ತಾನೆ. ಮೊದಮೊದಲು ಸುಖದ ಕಾಗದಗಳು. ಬರಬರುತ್ತ ಅವುಗಳಲ್ಲಿ ಕಳವಳ, ಆಮೇಲೆ ನೇರವಾದ ದೂರು. ಫಿಲಿಪ್ ಫ್ಲಾರೆನ್ಸಿಗೆ ಧಾವಿಸಿದಾಗ ಆಂಬ್ರೋಸ್ ತೀರಿಕೊಂಡಿರುತ್ತಾನೆ. ರೇಚಲ್ ಊರು ಬಿಟ್ಟಿರುತ್ತಾಳೆ. ಮೆದುಳಿನ ಗೆಡ್ಡೆಯಿಂದ ಸಾವು ಬಂದಿತೆಂದು ರೈನಾಲ್ಡಿ ಎಂಬವನು ಹೇಳುತ್ತಾನೆ. ಫಿಲಿಪ್ ಅದನ್ನು ನಂಬದೆ, ಸೇಡಿನ ಸಂಕಲ್ಪ ತೊಟ್ಟು ಮನೆಗೆ ಮರಳುತ್ತಾನೆ. ಕೆಲವು ತಿಂಗಳಲ್ಲಿ ರೇಚಲ್ಲೇ ಅತಿಥಿಯಾಗಿ ಆ ಮನೆಗೆ ಬರುತ್ತಾಳೆ. ದ್ವೇಷಿಸಲು ಕಾದಿದ್ದವನು ಅವಳನ್ನು ಪ್ರೀತಿಸತೊಡಗುತ್ತಾನೆ. ಕುಲದ ಒಡವೆಗಳನ್ನೂ, ತನ್ನ ಇಪ್ಪತ್ತೈದನೆಯ ಹುಟ್ಟುಹಬ್ಬದಂದು ಇಡೀ ಆಸ್ತಿಯನ್ನೂ ಅವಳಿಗೆ ಒಪ್ಪಿಸುತ್ತಾನೆ. ಅವಳು ಮದುವೆಗೆ ಮಾತ್ರ ಒಪ್ಪುವುದಿಲ್ಲ. ಫಿಲಿಪ್ ಜ್ವರ ಹಿಡಿದು ಮಲಗುತ್ತಾನೆ. ಅವಳು ಶುಶ್ರೂಷೆ ಮಾಡುತ್ತಾಳೆ. ಅವಳು ಕಾಯಿಸಿ ಕೊಡುವ ಕಷಾಯದ ಬಟ್ಟಲು ಅಮೃತದ್ದೋ ವಿಷದ್ದೋ ಎಂಬ ಶಂಕೆ ಅವನನ್ನು ಸುಡತೊಡಗುತ್ತದೆ.

ಇಂಥ ಕತೆಗಳನ್ನು ಇಂಗ್ಲಿಷ್ ಸಾಹಿತ್ಯದಲ್ಲಿ ‘ಗಾಥಿಕ್’ ಎಂಬ ಹೆಸರಿನಿಂದ ಗುರುತಿಸುತ್ತಾರೆ. 1764ರ ಕೊನೆಯಲ್ಲಿ ಹೊರಬಂದ ಹೊರೇಸ್ ವಾಲ್ಪೋಲನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಈ ಪಂಥದ ಮೂಲ. ಏಕಾಂತವಾದ ಹಳೆಯ ಸೌಧ, ಅದರಲ್ಲಿ ಹುದುಗಿದ ಗುಟ್ಟು, ಹೊರಗಿನಿಂದ ಬಂದು ಸಿಕ್ಕಿಕೊಂಡ ಅಬಲೆ, ಅವಳು ಅಂಜುವ ಒಡೆಯ: ಇವು ಅದರ ಸಾಮಗ್ರಿ. ಚಿತ್ರರಂಗ ಈ ಸಾಮಗ್ರಿಯನ್ನು 1940ರ ದಶಕದಲ್ಲಿ ಮತ್ತೆ ಮತ್ತೆ ಬಳಸಿತು. ಡು ಮೋರಿಯೇ ಅವರದೇ ಕಾದಂಬರಿಯನ್ನು ಆಧರಿಸಿ ಹಿಚ್‌ಕಾಕ್ 1940ರಲ್ಲಿ ತೆಗೆದ ‘ರೆಬೆಕಾ’, ಅವರದೇ 1941ರ ‘ಸಸ್ಪಿಷನ್’, ಜಾರ್ಜ್ ಕ್ಯೂಕರ್ ನಿರ್ದೇಶಿಸಿದ 1944ರ ‘ಗ್ಯಾಸ್‌ಲೈಟ್’ ಇವು ಮೂರರಲ್ಲಿಯೂ ಹೆಂಡತಿಯ ಎದೆ ಗಂಡನ ವಿಷಯದಲ್ಲಿ ಅಳುಕುತ್ತದೆ. ಮೂರರಲ್ಲಿಯೂ ಕೊನೆಗೆ ದೀಪ ಬರುತ್ತದೆ. ಒಂದರಲ್ಲಿ ಗಂಡನ ಗುಟ್ಟು ಹೊರಬೀಳುತ್ತದೆ, ಇನ್ನೊಂದರಲ್ಲಿ ಅವನ ಮೇಲಿನ ಕಳಂಕ ಕಳೆಯುತ್ತದೆ, ಮತ್ತೊಂದರಲ್ಲಿ ಅವನ ಮೋಸ ಬಯಲಾಗುತ್ತದೆ.

‘ಮೈ ಕಸಿನ್ ರೇಚಲ್’ ಈ ಏರ್ಪಾಟನ್ನು ತಿರುವುಮುರುವು ಮಾಡುತ್ತದೆ. ಇಲ್ಲಿ ಸೌಧದ ಒಡೆಯನೇ ಅಂಜುವವನು. ಹೊರಗಿನಿಂದ ಬಂದವಳೇ ಶಂಕೆಗೆ ಗುರಿಯಾದವಳು. ಪಾತ್ರವರ್ಗದಲ್ಲಿಯೂ ಒಂದು ವಿಚಿತ್ರ ಕಾಕತಾಳೀಯವಿದೆ. ‘ರೆಬೆಕಾ’ ಮತ್ತು ‘ಸಸ್ಪಿಷನ್’ ಎರಡರಲ್ಲಿಯೂ ಶಂಕೆಯಿಂದ ಬೆಂದ ಹೆಂಡತಿಯಾಗಿ ನಟಿಸಿದ ಜೋನ್ ಫಾಂಟೇನ್, ಒಲಿವಿಯಾ ಅವರ ಒಡಹುಟ್ಟಿದ ತಂಗಿ. ಅಲ್ಲಿ ತಂಗಿಯ ಮಂಚದ ಬಳಿಗೆ ಬಂದ ಹಾಲಿನ ಲೋಟ, ಇಲ್ಲಿ ಅಕ್ಕನ ಕೈಯಲ್ಲಿ ಕಷಾಯದ ಬಟ್ಟಲಾಗಿದೆ. ಒಲಿವಿಯಾ 1939ರ ‘ಗಾನ್ ವಿತ್ ದಿ ವಿಂಡ್’ನಲ್ಲಿ ಸೌಜನ್ಯವೇ ಮೂರ್ತಿವೆತ್ತ ಮೆಲನಿಯಾಗಿದ್ದವರು, 1946ರ ‘ದಿ ಡಾರ್ಕ್ ಮಿರರ್’ ಚಿತ್ರದಲ್ಲಿ ಒಬ್ಬಳು ಸಾಧ್ವಿ, ಇನ್ನೊಬ್ಬಳು ಕೊಲೆಗಾತಿಯಾದ ಅವಳಿಗಳಿಬ್ಬರನ್ನೂ ತಾವೇ ಅಭಿನಯಿಸಿದವರು. ರೇಚಲ್ ಪಾತ್ರದಲ್ಲಿ ಆ ಇಬ್ಬರೂ ಒಂದೇ ಮುಖದ ಹಿಂದೆ ಇದ್ದಾರೆ.

ಈ ಚಿತ್ರವನ್ನು ನಾನು ಬೇಕೆಂದೇ ಎರಡು ಸಲ, ಎರಡು ಬಗೆಯಲ್ಲಿ ನೋಡಿದೆ. ಒಮ್ಮೆ ರೇಚಲ್ ದೋಷಿಯೆಂದು ಗೊತ್ತುಮಾಡಿಕೊಂಡು. ಮತ್ತೊಮ್ಮೆ ನಿರ್ದೋಷಿಯೆಂದು ಗೊತ್ತುಮಾಡಿಕೊಂಡು. ಎರಡು ಸಲವೂ ಎಲ್ಲಿಯೂ ತೊಡಕಾಗಲಿಲ್ಲ. ದೋಷಿಯಾದವಳ ಮುಗುಳ್ನಗೆ ಬಲೆಯಾಗಿ ಕಂಡಿತು. ನಿರ್ದೋಷಿಯ ಮುಗುಳ್ನಗೆ ಬರಿಯ ಸ್ನೇಹವಾಗಿ ಕಂಡಿತು. ಇಟಲಿಗೆ ಅವಳು ಕಳಿಸುವ ಹಣ ಒಮ್ಮೆ ಒಳಸಂಚಿನ ಬೆಲೆಯಾಯಿತು, ಇನ್ನೊಮ್ಮೆ ಹಳೆಯ ಋಣದ ತೀರಿಕೆಯಾಯಿತು. ನಟಿಯ ಮುಖದ ಒಂದು ಗೆರೆಯೂ ಬದಲಾಗಿರಲಿಲ್ಲ. ಬದಲಾದದ್ದು ನೋಡುವ ಕಣ್ಣು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂಬ ಗಾದೆಯ ಮಾತು ನನಗೆ ಅಷ್ಟು ನಿಚ್ಚಳವಾಗಿ ಎಂದೂ ಅರ್ಥವಾಗಿರಲಿಲ್ಲ.

ಹಳದಿಯ ಮಾತು ಬಂದುದರಿಂದ ಕತೆಯೊಳಗಿನ ಒಂದು ಮರವನ್ನು ನೆನೆಯಬೇಕು. ಫಿಲಿಪ್‌ನ ಶಂಕೆಗೆ ಕಾದಂಬರಿಯಲ್ಲಿ ಮುಖ್ಯ ಆಧಾರವಾಗುವುದು ಲಾಬರ್ನಮ್ ಮರದ ಬೀಜ. ಅದರ ಹೊಂಬಣ್ಣದ ಹೂಗೊಂಚಲು ನಮ್ಮ ಕಕ್ಕೆಯ ಹೂವನ್ನು ಹೋಲುವುದರಿಂದಲೇ ಇಂಗ್ಲಿಷರು ಕಕ್ಕೆಯನ್ನು ‘ಇಂಡಿಯನ್ ಲಾಬರ್ನಮ್’ ಎಂದು ಕರೆದರು. ಆದರೆ ಅವರ ಮರದ ಬೀಜದಲ್ಲಿ ಸೈಟಿಸೀನ್ ಎಂಬ ವಿಷವಿದೆ. ಹೂವನ್ನು ಕಂಡು ಹಿಗ್ಗುವವನು ಬೀಜವನ್ನು ಕಂಡು ನಡುಗುತ್ತಾನೆ. ಮರ ಮಾತ್ರ ಒಂದೇ. ಗಿಡಮೂಲಿಕೆ ಬಲ್ಲ ಹೆಂಗಸಿನ ಪೆಟ್ಟಿಗೆಯಲ್ಲಿ ಬೀಜ ಸಿಕ್ಕಿತೆಂದರೆ ಅದು ಕೊಲೆಗೆ ಸಾಕ್ಷಿಯೋ, ತೋಟಗಾರಿಕೆಯ ಒಲವಿಗೆ ಸಾಕ್ಷಿಯೋ?

ಶೇಕ್ಸ್‌ಪಿಯರನ ‘ಒಥೆಲೊ’, ಬಸಪ್ಪ ಶಾಸ್ತ್ರಿಗಳು ‘ಶೂರಸೇನ ಚರಿತ್ರೆ’ಯಾಗಿ ಕನ್ನಡಕ್ಕೆ ತಂದ ನಾಟಕ, ಇಲ್ಲಿ ಸಹಜವಾಗಿ ನೆನಪಾಗುತ್ತದೆ. ಅಲ್ಲಿಯೂ ಒಲವನ್ನು ಶಂಕೆ ನುಂಗುತ್ತದೆ. ಆದರೆ ಡೆಸ್ಡಿಮೋನ ಶುದ್ಧಳೆಂಬುದು ಪ್ರೇಕ್ಷಕರಿಗೆ ಮೊದಲಿನಿಂದಲೂ ಗೊತ್ತು. ನಾವು ಕುರ್ಚಿಯಲ್ಲಿ ಕುಳಿತು ನಾಯಕನ ಕುರುಡನ್ನು ಕಂಡು ಮರುಗುತ್ತೇವೆ. ರೇಚಲ್‌ಳ ಕತೆಯಲ್ಲಿ ಆ ಎತ್ತರದ ಪೀಠ ನಮಗಿಲ್ಲ. ಕಾದಂಬರಿ ಮೊದಲಿಂದ ಕಡೆಯವರೆಗೆ ಫಿಲಿಪ್‌ನ ಬಾಯಿಂದ ಬಂದುದು. ಚಿತ್ರವೂ ಬಹುಮಟ್ಟಿಗೆ ಅವನ ಕಣ್ಣಿನಲ್ಲಿಯೇ ಸಾಗುತ್ತದೆ. ರೇಚಲ್‌ಳನ್ನು ನಾವು ಬಲ್ಲುದು ಒಬ್ಬ ರೋಗಿಯ ಕಾಗದಗಳಿಂದ, ಒಬ್ಬ ಎಳೆಯನ ಮೋಹದಿಂದ. ಅವಳ ಪರವಾಗಿ ಅವಳ ಅಂತರಂಗ ಒಮ್ಮೆಯೂ ಸಾಕ್ಷಿ ನುಡಿಯುವುದಿಲ್ಲ.

‘ಕಸಿನ್’ ಎಂಬ ಮಾತನ್ನೇ ನೋಡಿ. ಕನ್ನಡದಲ್ಲಿ ಅದಕ್ಕೆ ಒಂಟಿ ಪದವಿಲ್ಲ. ನಮಗೆ ಅತ್ತೆಯ ಮಗಳೋ ದೊಡ್ಡಪ್ಪನ ಮಗಳೋ ತಿಳಿಯಬೇಕು. ಒಬ್ಬಳು ವಧುವಾಗಬಹುದಾದವಳು, ಇನ್ನೊಬ್ಬಳು ತಂಗಿಯೋ ಅಕ್ಕನೋ ಆದವಳು. ಇಂಗ್ಲಿಷಿನ ಆ ಅಸ್ಪಷ್ಟ ಪದ ಈ ಕತೆಗೆ ಚೆನ್ನಾಗಿ ಒದಗಿಬಂದಿದೆ. ತಾಯಿಯಿಲ್ಲದೆ, ಹೆಂಗಸರ ಒಡನಾಟವಿಲ್ಲದೆ ಬೆಳೆದ ಫಿಲಿಪ್‌ಗೆ ರೇಚಲ್ ಸಾಕಿದವನ ವಿಧವೆ, ಬಂಧು, ತಾಯಿ, ಪ್ರೇಯಸಿ ಎಲ್ಲವೂ ಹೌದು. ಅವಳು ಇವುಗಳಲ್ಲಿ ಯಾವುದಾಗಿರಲು ಬಯಸಿದಳೆಂದು ಅವನು ಕೇಳಲೇ ಇಲ್ಲ. ಆಸ್ತಿಯನ್ನು ಕೊಟ್ಟ ಮೇಲೆ ಮದುವೆಗೆ ಒಪ್ಪಿಗೆ ಸಿಕ್ಕಿತೆಂದು ತಾನೇ ಅರ್ಥಮಾಡಿಕೊಂಡು ಸಾರಿಬಿಟ್ಟ. ಅವಳು ಅಲ್ಲವೆಂದಾಗ ವಂಚನೆಯೆಂದು ಕೂಗಿಕೊಂಡ.

ಇಲ್ಲಿ ಅಂದಿನ ಕಾನೂನನ್ನು ನೆನೆದರೆ ಚಿತ್ರ ಬೇರೆಯಾಗಿ ಕಾಣುತ್ತದೆ. 1870 ಮತ್ತು 1882ರ ಶಾಸನಗಳು ಬರುವ ತನಕ ಇಂಗ್ಲೆಂಡಿನ ಸಾಮಾನ್ಯ ನ್ಯಾಯದಂತೆ ಮದುವೆಯಾದ ಹೆಂಗಸಿನ ಹಣ, ಒಡವೆ ಗಂಡನ ಪಾಲಾಗುತ್ತಿದ್ದವು. ಅವಳ ಭೂಮಿಯ ಆಡಳಿತವೂ ಅವನ ಕೈ ಸೇರುತ್ತಿತ್ತು. ವಿಧವೆಗೆ ಮಾತ್ರ ತನ್ನದೆಂಬ ಸ್ವಾತಂತ್ರ್ಯವಿತ್ತು. ಕುದುರೆಗಾಡಿ, ಮೇಣದ ಬತ್ತಿಗಳ ಆ ಕಾಲದಲ್ಲಿ ರೇಚಲ್ ಮದುವೆಯನ್ನು ನಿರಾಕರಿಸಿದ್ದು ದುರಾಸೆಯಿಂದಲೇ ಇದ್ದೀತು; ಇನ್ನೊಬ್ಬನ ಅಧೀನಳಾಗಲು ಮನಸ್ಸಿಲ್ಲದೆಯೂ ಇದ್ದೀತು. ಫಿಲಿಪ್ ಒಂದು ಕೈಯಲ್ಲಿ ಕೊಟ್ಟುದನ್ನು ಮತ್ತೊಂದು ಕೈಯಲ್ಲಿ ಮರಳಿ ಪಡೆಯಲಿದ್ದನೆಂಬುದನ್ನು ಅವನೂ ಯೋಚಿಸಿರಲಾರ.

ಇನ್ನು ಕೊನೆಯ ಸನ್ನಿವೇಶ. ತೋಟದಲ್ಲಿ ಕಟ್ಟಡದ ಕೆಲಸ ನಡೆದಿದೆ. ಅಲ್ಲಿನ ಕಾಲುಸೇತುವೆ ಭಾರ ತಡೆಯಲಾರದೆಂದು ಕೆಲಸದ ಮೇಸ್ತ್ರಿ ಫಿಲಿಪ್‌ಗೆ ಎಚ್ಚರಿಸಿರುತ್ತಾನೆ. ರೇಚಲ್ ಆ ಕಡೆ ತಿರುಗಾಡಲು ಹೊರಟಾಗ ಅವನು ಸುಮ್ಮನಿರುತ್ತಾನೆ. ಅವಳು ಅತ್ತ ಹೋದ ಮೇಲೆ, ಗೆಳತಿ ಲೂಯಿಸಳೊಡನೆ ಅವಳ ಕೋಣೆಯನ್ನು ಜಾಲಾಡುತ್ತಾನೆ. ರೈನಾಲ್ಡಿಯ ಕಾಗದ ಸಿಗುತ್ತದೆ. ಅದರಲ್ಲಿ ಅವಳ ಅಪರಾಧಕ್ಕೆ ಯಾವ ಪುರಾವೆಯೂ ಇಲ್ಲ. ಅಷ್ಟರಲ್ಲಿ ಸೇತುವೆ ಕುಸಿದಿರುತ್ತದೆ, ರೇಚಲ್ ಸಾಯುತ್ತಾಳೆ.

ರೇಚಲ್ ಕೊಂದಳೇ ಇಲ್ಲವೇ ಎಂಬ ಚರ್ಚೆ ಕಾದಂಬರಿ ಬಂದಂದಿನಿಂದ ನಡೆದಿದೆ. 2017ರಲ್ಲಿ ರೋಜರ್ ಮಿಷೆಲ್ ಇದೇ ಕತೆಯನ್ನು ರೇಚಲ್ ವೈಸ್ ಎಂಬ ನಟಿಯನ್ನಿಟ್ಟು ಮತ್ತೆ ಚಿತ್ರಿಸಿದಾಗಲೂ ಅದೇ ಪ್ರಶ್ನೆ ಎದ್ದಿತು. ನನಗಾದರೋ ಆ ಪ್ರಶ್ನೆ ನಮ್ಮ ಗಮನವನ್ನು ಬೇರೆಡೆಗೆ ಸೆಳೆಯುವ ಉಪಾಯವೆಂದು ತೋರುತ್ತದೆ. ಕತೆಯಲ್ಲಿ ಸಂದೇಹಕ್ಕೆಡೆಯಿಲ್ಲದೆ ಸಿದ್ಧವಾದ ಅಪರಾಧ ಒಂದೇ. ಅದು ಆಪಾದಿತಳದಲ್ಲ, ಆಪಾದಿಸಿದವನದು. ತಿಳಿದೂ ಆಡದೆ ಉಳಿದ ಒಂದು ಮಾತು ಅದು. ರೇಚಲ್ ವಿಷವಿಕ್ಕಿದ್ದರೂ ಆ ಮೌನ ನ್ಯಾಯವಾಗದು. ಇಕ್ಕದಿದ್ದರಂತೂ ಅದಕ್ಕೆ ಪ್ರಾಯಶ್ಚಿತ್ತವೇ ಇಲ್ಲ.

ಒಲವೂ ಶಂಕೆಯೂ ಪರಸ್ಪರ ವಿರುದ್ಧವೆಂದು ನಾವು ತಿಳಿಯುತ್ತೇವೆ. ಫಿಲಿಪ್‌ನಲ್ಲಿ ಅವು ಒಂದೇ ಬೇರಿನ ಎರಡು ಕವಲು. ಪ್ರೀತಿಸುವಾಗ ಅವಳು ದೇವತೆ, ಶಂಕಿಸುವಾಗ ರಾಕ್ಷಸಿ. ನಡುವೆ, ತನ್ನದೇ ಸುಖದುಃಖಗಳುಳ್ಳ ಒಬ್ಬ ಹೆಂಗಸು ಇರಬಹುದೆಂಬುದು ಅವನಿಗೆ ಹೊಳೆಯಲಿಲ್ಲ. ಇನ್ನೊಬ್ಬರ ಅಂತರಂಗ ನಮಗೆ ಎಂದೂ ಪೂರ್ತಿ ತೆರೆದುಕೊಳ್ಳುವುದಿಲ್ಲ. ಅದನ್ನು ಸಹಿಸಬಲ್ಲ ಒಲವು ಬಾಳುತ್ತದೆ. ಸಹಿಸಲಾರದ ಒಲವು ಪುರಾವೆ ಕೇಳುತ್ತದೆ, ಎಷ್ಟು ಪುರಾವೆ ಸಿಕ್ಕರೂ ಅದಕ್ಕೆ ಸಾಲದು.

ಈ ಕತೆ ತೊಡಗುವುದು ನಾಲ್ಕು ದಾರಿ ಕೂಡುವಲ್ಲಿ ನೇತಾಡುವ ಒಂದು ಹೆಣದಿಂದ. ಹೆಂಡತಿಯನ್ನು ಕೊಂದವನನ್ನು ಗಲ್ಲಿಗೇರಿಸಿದ್ದಾರೆ. ಆಂಬ್ರೋಸ್ ಆ ನೋಟವನ್ನು ಬಾಲಕ ಫಿಲಿಪ್‌ಗೆ ತೋರಿಸುತ್ತಾನೆ. ಅಲ್ಲಿ ಅಪರಾಧವಿತ್ತು, ತೀರ್ಪಿತ್ತು, ಶಿಕ್ಷೆಯಿತ್ತು. ಬೆಳೆದ ಫಿಲಿಪ್‌ನನ್ನು ಯಾವ ನ್ಯಾಯಾಲಯವೂ ಕರೆಯುವುದಿಲ್ಲ; ಸೇತುವೆ ಮುರಿದದ್ದು ಲೋಕದ ಲೆಕ್ಕದಲ್ಲಿ ಆಕಸ್ಮಿಕ. ಹಗ್ಗವೋ ಹಾವೋ ತಿಳಿಯದೆ ಹೊಡೆದವನು, ಇನ್ನೆಂದಿಗೂ ತಿಳಿಯಲಾಗದೆ, ಬದುಕಿರುವವರೆಗೆ ಆ ಮಬ್ಬಿನಲ್ಲಿ ನಿಂತಿರಬೇಕಾಗಿದೆ.