ನಾಲೆಯ ಬಯಲಿನಲ್ಲಿ ಹಾಲು ಕರೆಯುವ ರಾಸುಗಳ ಮೇವು

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ನಾಲೆಯ ಬಯಲನ್ನು ನೋಡಿದವರಿಗೆ, ಇಲ್ಲಿ ರಾಸುಗಳಿಗೆ ಮೇವಿನ ಕೊರತೆಯುಂಟೆಂದು ಹೇಳಿದರೆ ನಂಬಿಕೆಯಾಗುವುದು ಕಷ್ಟ. ಕೊಯ್ಲು ಮುಗಿದೊಡನೆಯೇ ಹಿತ್ತಿಲುಗಳಲ್ಲಿ ಬತ್ತದ ಹುಲ್ಲಿನ ಮೆದೆಗಳು ಏಳುತ್ತವೆ. ಕಬ್ಬು ಕಡಿಯುವ ಕಾಲದಲ್ಲಿ ಹಸಿರು ಸೋಗೆಯು ಕೇಳಿದವರಿಗೆ ಕೇಳಿದಷ್ಟು ದೊರೆಯುತ್ತದೆ. ಆದಾಗ್ಯೂ ಹತ್ತು ಲೀಟರು ಕರೆಯಬಲ್ಲ ಮಿಶ್ರತಳಿಯ ಹಸುವು ಆರು ಲೀಟರಿಗೇ ನಿಲ್ಲುವುದೂ, ಕರು ಹಾಕಿ ಆರು ತಿಂಗಳಾದರೂ ಬೆದೆಗೆ ಬಾರದಿರುವುದೂ ಇಲ್ಲಿ ಸಾಮಾನ್ಯವಾದ ದೂರುಗಳಾಗಿವೆ. ಇದಕ್ಕೆ ರೋಗವೆಂದೋ ತಳಿಯ ದೋಷವೆಂದೋ ಕಾರಣ ಹೇಳುವುದುಂಟು. ಅನೇಕ ವೇಳೆ ಕಾರಣವು ಗೋದಲಿಯಲ್ಲಿಯೇ ಇರುತ್ತದೆ. ಹೊಟ್ಟೆ ತುಂಬಿಸುವ ಮೇವು ಬೇರೆ, ಹಾಲಾಗುವ ಮೇವು ಬೇರೆ.

ಈ ಸ್ಥಿತಿಯು ಹೇಗೆ ಬಂದಿತೆಂಬುದನ್ನು ಸ್ವಲ್ಪ ವಿಚಾರಿಸತಕ್ಕದ್ದು. ಕನ್ನಂಬಾಡಿಯ ಕೆಲಸವು 1911ರಲ್ಲಿ ಆರಂಭವಾಗಿ, 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು ಈ ಸೀಮೆಗೆ ಹರಿಯಿತು. ಅದೇ ಈಗಿನ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾಯಿತು. ಅದಕ್ಕೆ ಮುಂಚೆ ಇದು ಬಹುಮಟ್ಟಿಗೆ ರಾಗಿ, ಹುರುಳಿ, ಅವರೆಗಳ ಬೆದ್ದಲು ಸೀಮೆ. ದನಗಳು ರಾಗಿಯ ಹುಲ್ಲಿನೊಡನೆ ಹುರುಳಿಯ ಹೊಟ್ಟನ್ನೂ ಅವರೆಯ ಸೊಪ್ಪನ್ನೂ ತಿನ್ನುತ್ತಿದ್ದುವು. ನೀರು ಬಂದ ಮೇಲೆ ಬತ್ತವೂ ಕಬ್ಬೂ ಹೊಲವನ್ನು ಆವರಿಸಿದುವು. ಮನುಷ್ಯರ ಊಟ ಮೇಲಾಯಿತು, ದನಗಳ ಊಟ ಕೀಳಾಯಿತು. ಹಳ್ಳಿಕಾರ್ ಎತ್ತು ಇದನ್ನು ಹೇಗೋ ತಾಳಿಕೊಂಡಿತು. ಆದರೆ 1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮವು ಹುಟ್ಟಿ, ಊರೂರಿನಲ್ಲಿ ಹಾಲು ಉತ್ಪಾದಕರ ಸಂಘಗಳಾಗಿ, ಮಿಶ್ರತಳಿಯ ಹಸುಗಳು ಕೊಟ್ಟಿಗೆಗೆ ಬಂದ ಮೇಲೆ, ಹಳೆಯ ಮೇವಿನಿಂದ ಹೊಸ ಹಸುವನ್ನು ಸಾಕುವುದು ಆಗದ ಕೆಲಸವಾಯಿತು. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಡೇರಿಗೆ ಹಾಲು ಕಳುಹಿಸುವ ಪ್ರತಿಯೊಂದು ಗ್ರಾಮವೂ ಇದನ್ನು ಅನುಭವದಿಂದ ಬಲ್ಲದು.

ಬತ್ತದ ಹುಲ್ಲಿನಲ್ಲಿ ಮಾಂಸಪೋಷಕ ದ್ರವ್ಯವು ನೂರಕ್ಕೆ 3 ಅಥವಾ 4 ಭಾಗ ಮಾತ್ರವಿರುತ್ತದೆ. ಮರಳಿನ ಅಂಶವು ಹೆಚ್ಚಾದುದರಿಂದ ಜೀರ್ಣವಾಗುವುದೂ ಕಡಿಮೆ. ರಾಗಿಯ ಹುಲ್ಲು ಇದಕ್ಕಿಂತ ಉತ್ತಮ. ಕಬ್ಬಿನ ಸೋಗೆಯನ್ನು ದನಗಳು ಆಸೆಯಿಂದ ತಿನ್ನುತ್ತವೆಯೆಂಬುದು ನಿಜ. ಆದರೆ ಅದರಲ್ಲಿಯೂ ಬತ್ತದ ಹುಲ್ಲಿನಲ್ಲಿಯೂ ಇರುವ ಆಕ್ಸಲಿಕ್ ಆಮ್ಲದ ಲವಣಗಳು ಸುಣ್ಣದ ಅಂಶವನ್ನು ಹಿಡಿದಿಟ್ಟು, ಅದು ಹಸುವಿನ ಮೈಗೆ ಹತ್ತದಂತೆ ಮಾಡುತ್ತವೆ. ಹಾಲಿನೊಡನೆ ಸುಣ್ಣವು ದಿನವೂ ಹೊರಗೆ ಹೋಗುತ್ತಿರುವಾಗ ಒಳಗೆ ಬರುವುದು ನಿಂತರೆ, ಹಸುವು ಮೊದಲು ತನ್ನ ಎಲುಬಿನಿಂದ ಕೊಡುತ್ತದೆ, ಆಮೇಲೆ ಹಾಲನ್ನು ಕಡಿಮೆ ಮಾಡುತ್ತದೆ. ಆದುದರಿಂದ ಸೋಗೆ ಹಾಕುವ ತಿಂಗಳುಗಳಲ್ಲಿ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣವನ್ನೂ ಒಂದು ಹಿಡಿ ಉಪ್ಪನ್ನೂ ತಪ್ಪಿಸಕೂಡದು.

ಸುಮಾರು 400 ಕಿಲೋ ತೂಕದ ಕರೆಯುವ ಹಸುವಿಗೆ ದಿನಕ್ಕೆ 25 ಕಿಲೋ ಹಸಿರು ಮೇವೂ 5 ಕಿಲೋ ಒಣಹುಲ್ಲೂ ಬೇಕು. ಹಸಿರಿನಲ್ಲಿ ಮೂರು ಪಾಲು ಹುಲ್ಲಿನ ಜಾತಿಯಾದರೆ ಒಂದು ಪಾಲು ಅಲಸಂದೆ ಅಥವಾ ಕುದುರೆ ಮಸಾಲೆಯಂತಹ ದ್ವಿದಳ ಜಾತಿಯಾಗಿರಬೇಕು. ಇದಕ್ಕೆ ಎಷ್ಟು ಜಮೀನು ಬೇಕೆಂದು ಜಮೀನುದಾರರು ಕೇಳುವುದು ಯುಕ್ತವೇ ಸರಿ. ದಿನಕ್ಕೆ 25 ಕಿಲೋ ಎಂದರೆ ವರ್ಷಕ್ಕೆ 9 ಟನ್ನು. ಮಿಶ್ರತಳಿಯ ನೇಪಿಯರ್ ಹುಲ್ಲಿನ ಇಳುವರಿಯನ್ನು ಎಕರೆಗೆ 60 ಟನ್ನೆಂದು ಕೈಹಿಡಿದು ಲೆಕ್ಕ ಮಾಡಿದರೂ ಹಸುವೊಂದಕ್ಕೆ 6 ಗುಂಟೆ ಸಾಕು. ಅಷ್ಟೇ ನೆಲದಲ್ಲಿ, ಎಕರೆಗೆ 24 ಕ್ವಿಂಟಲಿನಂತೆ, ಒಂದು ಬೆಳೆಗೆ ಮೂರೂವರೆ ಕ್ವಿಂಟಲು ಬತ್ತ ಬರುತ್ತದೆ. ಇತ್ತ, ಒಳ್ಳೆಯ ಹಸಿರು ಮೇವು ತಿನ್ನುವ ಹಸುವಿಗೆ ಶರೀರಪೋಷಣೆಗೆಂದು ಹಾಕುವ ಒಂದೂವರೆ ಕಿಲೋ ಹಿಂಡಿ ಬೂಸಾವನ್ನು ಬಿಡಬಹುದು; ವರ್ಷಕ್ಕೆ ಅದು ಐದು ಕ್ವಿಂಟಲಿಗೂ ಮೀರುತ್ತದೆ, ಅಂದರೆ 50 ಕಿಲೋ ತೂಕದ ಹತ್ತು ಚೀಲಕ್ಕಿಂತ ಹೆಚ್ಚು. ಬತ್ತದ ಧಾರಣೆಯನ್ನೂ ಹಿಂಡಿಯ ಧಾರಣೆಯನ್ನೂ ಪಕ್ಕದಲ್ಲಿಟ್ಟು ನೋಡುವವರಿಗೆ ಹೆಚ್ಚು ಹೇಳಬೇಕಾದುದಿಲ್ಲ.

ನೇಪಿಯರ್ ಹುಲ್ಲನ್ನು ಎರಡು ಗೆಣ್ಣಿನ ತುಂಡುಗಳಿಂದ ನೆಡುವುದು. ಸಾಲಿನಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ. ಮೊದಲನೆಯ ಕೊಯ್ಲು 70–75 ದಿನಗಳಿಗೆ, ಅನಂತರ 40–45 ದಿನಗಳಿಗೊಮ್ಮೆ. ಆಳೆತ್ತರ ಬೆಳೆದು ದಂಟು ಬಲಿತ ಹುಲ್ಲು ನೋಡುವುದಕ್ಕೆ ಸೊಂಪಾಗಿದ್ದರೂ ಸತ್ತ್ವದಲ್ಲಿ ಬತ್ತದ ಹುಲ್ಲಿನ ನಂಟನೇ. ಪ್ರತಿ ಕೊಯ್ಲಿನ ಮೇಲೆ ಗೊಬ್ಬರ ಕೊಡತಕ್ಕದ್ದು. ಕೊಟ್ಟಿಗೆಯ ಗಂಜಲವನ್ನು ಅದೇ ಮಡಿಗೆ ಹರಿಸಿದರೆ ಮತ್ತೂ ಒಳ್ಳೆಯದು. ಬದುಗಳ ಮೇಲೆ ಚೊಗಚೆ, ಗ್ಲಿರಿಸಿಡಿಯಾ ಗಿಡಗಳನ್ನಿಟ್ಟರೆ ದ್ವಿದಳದ ಪಾಲಿಗೆ ಬೇರೆ ನೆಲ ಬೇಕಾಗದು. ಯಾವ ತಳಿ ತಮ್ಮ ಮಣ್ಣಿಗೆ ಒಗ್ಗುವುದೆಂಬುದನ್ನು ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು. ಮೇವಿನ ಬೆಳೆಗಳ ಸಂಶೋಧನೆ ಅಲ್ಲಿ ನಡೆಯುತ್ತಲಿದೆ.

ನಿಜವಾದ ತೊಡಕು ಬೇಸಗೆಯಲ್ಲಿ. ನಾಲೆಯ ನೀರು ನಿಲ್ಲುತ್ತದೆ. ಕೊನೆಯ ಭಾಗವಾದ ಮದ್ದೂರು, ಮಳವಳ್ಳಿಗಳ ಅನೇಕ ಗ್ರಾಮಗಳಿಗೆ ಅದು ತಡವಾಗಿ ಬಂದು ಬೇಗ ನಿಲ್ಲುತ್ತದೆ. ಕೊಳವೆ ಬಾವಿ ಇಲ್ಲದವನ ಹುಲ್ಲು ಒಣಗುವುದು ಆಗಲೇ. ಇದಕ್ಕೆ ರಸಮೇವು ಒಂದೇ ಭದ್ರವಾದ ಉಪಾಯ. ಮುಸುಕಿನ ಜೋಳವನ್ನು ಕಾಳು ಹಾಲು ತುಂಬಿ ಗಟ್ಟಿಯಾಗುತ್ತಿರುವಾಗ ಕೊಯ್ದು, ಸ್ವಲ್ಪ ಬಾಡಿಸಿ, ಅಂಗುಲದಷ್ಟು ಚೂರು ಮಾಡಿ, ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿಯಲ್ಲಿ ಪದರ ಪದರವಾಗಿ ತುಳಿದು ತುಂಬಬೇಕು. ಗಾಳಿ ಒಳಗೆ ಉಳಿದರೆ ಬೂಷ್ಟು ಹಿಡಿದು ಎಲ್ಲವೂ ವ್ಯರ್ಥವಾಗುವುದರಿಂದ, ಈ ತುಳಿಯುವ ಕೆಲಸದಲ್ಲಿ ಮಾತ್ರ ಆತುರ ಕೂಡದು. ಮೇಲೆ ಹಾಳೆ ಮುಚ್ಚಿ ಮಣ್ಣು ಹೇರಿ 45 ದಿನ ಬಿಟ್ಟರೆ ಹುಳಿವಾಸನೆಯ, ಹಳದಿ ಛಾಯೆಯ ಮೇವು ಸಿದ್ಧ. ನೇಪಿಯರ್ ಹುಲ್ಲನ್ನೋ ಕಬ್ಬಿನ ಸೋಗೆಯನ್ನೋ ತುಂಬುವವರು ಸ್ವಲ್ಪ ಬೆಲ್ಲದ ನೀರನ್ನಾಗಲಿ ಕಾಕಂಬಿಯನ್ನಾಗಲಿ ಚಿಮುಕಿಸುವುದು ಮೇಲು. ಆಲೆಮನೆಗಳ ಸೀಮೆಯಲ್ಲಿ ಇದಕ್ಕೆ ಬಡತನವಿಲ್ಲ. ಘನ ಅಡಿಗೆ ಸುಮಾರು 15 ಕಿಲೋ ಹಿಡಿಯುವುದರಿಂದ, 10 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳದ ಗುಂಡಿಯೊಂದು ಎರಡು ಹಸುಗಳಿಗೆ ದಿನಕ್ಕೆ ತಲಾ 20 ಕಿಲೋನಂತೆ ಮೂರು ತಿಂಗಳು ಒದಗುತ್ತದೆ. ನೀರು ನಿಲ್ಲುವ ಕಾಲವೂ ಹೆಚ್ಚು ಕಡಿಮೆ ಅಷ್ಟೇ.

ಬತ್ತದ ಹುಲ್ಲನ್ನು ಬಿಟ್ಟುಬಿಡಿರೆಂದು ಹೇಳುವುದಲ್ಲ. ಯಂತ್ರದಿಂದ ಕೊಯ್ದ ಗದ್ದೆಯಲ್ಲಿ ಹುಲ್ಲಿಗೆ ಬೆಂಕಿಯಿಡುವುದಂತೂ ಕೇವಲ ಅವಿವೇಕ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರು ನೀರಿನಲ್ಲಿ ಕರಗಿಸಿ ಸಮನಾಗಿ ಚಿಮುಕಿಸಿ, ಒತ್ತಿ, ಮೂರು ವಾರ ಗಾಳಿಯಾಡದಂತೆ ಮುಚ್ಚಿಟ್ಟರೆ ಅದೇ ಹುಲ್ಲು ಮೃದುವಾಗಿ ಪುಷ್ಟಿಕರವಾಗುತ್ತದೆ. ತೆಗೆದ ಮೇಲೆ ಸ್ವಲ್ಪ ಹೊತ್ತು ಆರಲು ಬಿಟ್ಟು ಹಾಕಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದು ಸಲ್ಲದು. ಯೂರಿಯಾ ಬೆರೆತ ನೀರನ್ನು ರಾಸುಗಳು ಕುಡಿದರೆ ಪ್ರಾಣಕ್ಕೇ ಅಪಾಯ.

ಹಿಂಡಿಯ ವಿಷಯದಲ್ಲಿ, ಎರಡೂವರೆ ಲೀಟರು ಹಾಲಿಗೆ ಒಂದು ಕಿಲೋ ಎಂಬ ಲೆಕ್ಕವು ಹಸುವಿಗೆ ಸಾಕು. ಎಮ್ಮೆಗೆ ಎರಡು ಲೀಟರಿಗೆ ಒಂದು ಕಿಲೋ. ಮೇವನ್ನು ಕಡಿಮೆ ಮಾಡಿ ಹಿಂಡಿಯನ್ನು ಸುರಿದರೆ ಹಾಲಿನ ಜಿಡ್ಡು ಇಳಿಯುತ್ತದೆ, ಸಂಘದಲ್ಲಿ ಬೆಲೆಯೂ ಇಳಿಯುತ್ತದೆ. ಮದುವೆ ಹಬ್ಬಗಳ ಮಾರನೆಯ ದಿನ, ಉಳಿದ ಅನ್ನವನ್ನು ಬಾನಿ ತುಂಬ ಹಸುವಿನ ಮುಂದಿಡುವ ಧಾರಾಳವನ್ನೂ ಬಿಡತಕ್ಕದ್ದು. ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಒಳ್ಳೆಯ ಹಸುಗಳು ಸಾಯುವುದು ಹೀಗೆಯೇ.

ನಾಲೆಯ ನೀರು ಹತ್ತದ ಮಳವಳ್ಳಿಯ ಮೇಲ್ದಿಣ್ಣೆಯ ಗ್ರಾಮಗಳಲ್ಲಿ ಆರು ಗುಂಟೆಯ ನೇಪಿಯರ್ ಎಲ್ಲರಿಗೂ ಸಾಧ್ಯವಲ್ಲ. ಅಲ್ಲಿ ರಾಗಿಯೊಡನೆ ಅಕ್ಕಡಿಯಾಗಿ ಅವರೆ, ಅಲಸಂದೆಗಳನ್ನು ಇಡುವ ಹಿರಿಯರ ಪದ್ಧತಿಯನ್ನು ಬಿಡದಿರುವುದೇ ಲೇಸು. ಮೇವು ಕತ್ತರಿಸುವ ಯಂತ್ರವನ್ನು ನಾಲ್ಕಾರು ಮನೆಯವರು ಕೂಡಿ ಕೊಂಡರೆ, ಉದ್ದುದ್ದ ಹಾಕಿ ತುಳಿದು ಹಾಳಾಗುವ ಮೇವು ಉಳಿಯುತ್ತದೆ. ಊರಿನ ಯಜಮಾನರು ಸಂಘದ ಸಭೆಯಲ್ಲಿ ಇದನ್ನು ಮುಂದಿಟ್ಟರೆ ಕೆಲಸ ಸುಲಭ.

ಇನ್ನೊಂದು ಮಾತು. ಹೊರೆ ಹೊತ್ತು, ಹಾಲು ಕರೆದು, ಹಸುವಿನ ಗುಣವನ್ನು ಬಲ್ಲವರು ಮನೆಯ ಹೆಂಗಸರು. ಯಾವ ಗದ್ದೆಗೆ ಏನಿಡಬೇಕೆಂದು ನಿಶ್ಚಯಿಸುವವರು ಗಂಡಸರು. ಮುಂದಿನ ಸಲ ನಾಲೆಗೆ ನೀರು ಬಿಟ್ಟಾಗ, ಕೊಟ್ಟಿಗೆಗೆ ಹತ್ತಿರದ ಆರು ಗುಂಟೆ ಯಾವುದೆಂಬುದನ್ನು ಅವರನ್ನೇ ಕೇಳಿ ಗುರುತು ಹಾಕಿಸುವುದು.