ತಾಳಿಕೆಯ ಪಂದ್ಯವೂ ಗೃಹಸ್ಥನ ಮೋಟಾರೂ

ಮೋಟಾರು ಗಾಡಿಗಳ ಪಂದ್ಯವೆಂದರೆ ಧನಿಕರ ವಿನೋದ, ಅದರಿಂದ ಸಂಸಾರಿಗಳಿಗೆ ಆಗಬೇಕಾದುದೇನು ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಆಗಬೇಕಾದುದು ಉಂಟು. ಆ ಪಂದ್ಯಗಳಿಗಾಗಿ ಕಾರ್ಖಾನೆಯವರು ಸುರಿಯುವ ದ್ರವ್ಯವು ಆಕಾಶದಿಂದ ಉದುರತಕ್ಕದ್ದಲ್ಲ. ಗಾಡಿಯನ್ನು ಕೊಳ್ಳುವವನ ಗಂಟಿನಿಂದಲೇ ಬಹುಮಟ್ಟಿಗೆ ಹೋಗತಕ್ಕದ್ದು. ಆದಕಾರಣ ಅದು ಯಾವ ಬಗೆಯ ಪಂದ್ಯಕ್ಕೆ ವ್ಯಯವಾದರೆ ಮೇಲೆಂಬುದನ್ನು ವಿಚಾರಿಸುವ ಅಧಿಕಾರವು ಅವನಿಗೆ ಸಲ್ಲುತ್ತದೆ.

ಪಂದ್ಯಗಳಲ್ಲಿ ಎರಡು ಬಗೆಗಳು ಪ್ರಸಿದ್ಧವಾಗಿವೆ. ಮೊದಲನೆಯದು ಫಾರ್ಮುಲಾ ಒನ್. 1950ರಿಂದ ವಿಶ್ವಪ್ರಶಸ್ತಿಗಾಗಿ ನಡೆದುಬಂದಿರುವ ಇದರಲ್ಲಿ ಗಾಡಿಗೆ ಒಂದೇ ಆಸನ, ಚಕ್ರಗಳಿಗೆ ಹೊದಿಕೆಯಿಲ್ಲ, ದಾರಿ ತೋರುವ ದೀಪವಿಲ್ಲ. ಸುಮಾರು 305 ಕಿಲೋಮೀಟರುಗಳ ಓಟವು ಎರಡು ಘಂಟೆಯೊಳಗಾಗಿ ತೀರಿಹೋಗುತ್ತದೆ. 2011ರಿಂದ 2013ರವರೆಗೆ ಗ್ರೇಟರ್ ನೋಯ್ಡಾದಲ್ಲಿಯೂ ಇದು ನಡೆದುದನ್ನು ಹಲವರು ಬಲ್ಲರು. ಎರಡನೆಯದನ್ನು ನಾವು ತಾಳಿಕೆಯ ಪಂದ್ಯವೆಂದು ಕರೆಯೋಣ. ಫ್ರಾನ್ಸ್ ದೇಶದ ಲ ಮಾನ್ ಎಂಬ ಊರಿನಲ್ಲಿ 1923ರಲ್ಲಿ ಆರಂಭವಾದ ಇದರ ಅವಧಿಯು 24 ಘಂಟೆಗಳು. ಹಗಲು, ಇರುಳು, ಮಳೆ ಯಾವುದನ್ನೂ ಲೆಕ್ಕಿಸದೆ ಒಂದೇ ಗಾಡಿಯನ್ನು ಮೂವರು ಚಾಲಕರು ಸರದಿಯಂತೆ ನಡೆಸುತ್ತಾರೆ. 2025ರಲ್ಲಿ ಗೆದ್ದ ಫೆರಾರಿ ಗಾಡಿಯು 387 ಸುತ್ತುಗಳನ್ನು, ಎಂದರೆ 5,200 ಕಿಲೋಮೀಟರಿಗೂ ಮಿಗಿಲಾದ ದೂರವನ್ನು ಕ್ರಮಿಸಿತು. ಅಷ್ಟೆಲ್ಲ ಓಡಿಯೂ ಅದಕ್ಕೂ ಎರಡನೆಯದಾಗಿ ಬಂದ ಪೋರ್ಷೆಗೂ ಇದ್ದ ಅಂತರವು 14 ಸೆಕೆಂಡುಗಳು ಮಾತ್ರ!

ಇನ್ನು ನಮ್ಮ ಕಡೆಯ ದಾರಿಯನ್ನು ನೋಡೋಣ. ಕಲಬುರಗಿಯಿಂದ ಹುಮನಾಬಾದಿನ ಹೆದ್ದಾರಿಯನ್ನು ಹಿಡಿದು ಹೊರಟರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ಸಿಕ್ಕುತ್ತದೆ. ದೂರವೇನೂ ಹೆಚ್ಚಿಲ್ಲ. ಆದರೆ ವೈಶಾಖದ ನಡುಹಗಲಿನಲ್ಲಿ, ಉಷ್ಣಮಾನವು 40 ಡಿಗ್ರಿಯನ್ನು ದಾಟಿರುವಾಗ, ಮದುವೆಯ ಮಂದಿಯನ್ನು ತುಂಬಿಕೊಂಡು ಲಾರಿಗಳ ಹಿಂದೆ ನಿಂತುನಿಂತು ಸಾಗುವ ಗಾಡಿಯ ಪಾಡನ್ನು ನೆನೆಯಿರಿ. ನಡುರಾತ್ರಿಯಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡ ಮಗಳನ್ನು ಕಮಲಾಪುರದಿಂದ ಕಲಬುರಗಿಯ ಆಸ್ಪತ್ರೆಗೆ ಕರೆತರುವ ತಂದೆಯನ್ನು ನೆನೆಯಿರಿ. ಅವನಿಗೆ ಬೇಕಾದುದು ಘಂಟೆಗೆ 300 ಕಿಲೋಮೀಟರಿನ ವೇಗವಲ್ಲ. ಯಂತ್ರವು ಕುದಿಯಬಾರದು, ದೀಪವು ಆರಬಾರದು, ಬ್ರೇಕು ತಪ್ಪಬಾರದು, ಇಷ್ಟೇ.

ನಳೋಪಾಖ್ಯಾನವನ್ನು ಓದಿದವರಿಗೆ ಬಾಹುಕನು ಕುದುರೆಗಳನ್ನು ಆರಿಸಿದ ಪ್ರಸಂಗವು ತಿಳಿದೇ ಇದೆ. ಒಂದೇ ದಿನದಲ್ಲಿ ವಿದರ್ಭವನ್ನು ಮುಟ್ಟಬೇಕಾಗಿದ್ದಾಗ ಅವನು ಋತುಪರ್ಣನ ಲಾಯದಿಂದ ಹೊರತಂದವು ಬಡಕಲು ಕುದುರೆಗಳು. ಅರಸನು ಸಿಡಿಮಿಡಿಗೊಂಡನು. ದಾರಿಯನ್ನು ತಾಳತಕ್ಕ ಕುದುರೆಯ ಲಕ್ಷಣವೇ ಬೇರೆಯೆಂಬುದನ್ನು ಸಾರಥಿಯು ಬಲ್ಲವನಾಗಿದ್ದನು.

ಲ ಮಾನಿನ ಮೊದಲ ವರ್ಷದ ವೃತ್ತಾಂತವು ಈ ವಿಷಯದಲ್ಲಿ ಬಹು ಸ್ವಾರಸ್ಯವಾದುದು. 1923ರಲ್ಲಿ ಓಡಿದ ಒಂದು ಬೆಂಟ್ಲಿ ಗಾಡಿಗೆ ಕಲ್ಲು ಸಿಡಿದು ದೀಪವೊಂದು ಒಡೆಯಿತು. ಇನ್ನೊಂದು ಕಲ್ಲು ತೈಲದ ತೊಟ್ಟಿಯನ್ನೇ ತೂತುಮಾಡಿತು. ಚಾಲಕನು ಗಾಡಿಯನ್ನು ದಾರಿಯಲ್ಲಿ ಬಿಟ್ಟು ಓಡುತ್ತ ಬಂದನು. ಅವನ ಜೊತೆಗಾರನು ಬೈಸಿಕಲ್ಲನ್ನೇರಿ ಪೆಟ್ರೋಲನ್ನು ಒಯ್ದನು. ಮರುವರ್ಷ ದೀಪಗಳಿಗೆ ಜಾಲರಿಯನ್ನು ಕಟ್ಟಿ, ತೊಟ್ಟಿಗೆ ರಕ್ಷೆಯನ್ನು ಮಾಡಿ, ಹಿಂಬದಿಗೆ ಮಾತ್ರ ಇದ್ದ ಬ್ರೇಕನ್ನು ನಾಲ್ಕು ಚಕ್ರಗಳಿಗೂ ಹಚ್ಚಿ ಬಂದರು, ಗೆದ್ದರು. ಜಲ್ಲಿಯ ರಸ್ತೆಯಲ್ಲಿ ಗಾಡಿ ನಡೆಸಿದ ನಮ್ಮವರಿಗೆ ಇದರ ಬೆಲೆಯನ್ನು ವಿವರಿಸಬೇಕಾದುದಿಲ್ಲ. 1953ರಲ್ಲಿ ಜಾಗ್ವಾರ್ ಗಾಡಿಯು ಅಲ್ಲಿ ಗೆದ್ದುದು ಡಿಸ್ಕ್ ಬ್ರೇಕುಗಳ ಬಲದಿಂದ. ಇಂದು ಬಾಡಿಗೆಯ ಕಾರುಗಳ ಮುಂಚಕ್ರಗಳಲ್ಲಿಯೂ ಅವೇ ಇವೆ.

ನಮ್ಮ ನಾಡಿಗೆ ಹತ್ತಿರವಾದ ನಿದರ್ಶನವೆಂದರೆ ಟೊಯೋಟದವರದು. ಕಲಬುರಗಿಯಲ್ಲಿ ಚಿರಪರಿಚಿತವಾದ ಇನ್ನೋವಾ ಗಾಡಿಯು ಅವರ ಬಿಡದಿಯ ಕಾರ್ಖಾನೆಯಲ್ಲಿ ಸಿದ್ಧವಾಗತಕ್ಕದ್ದು. ಈ ಸಂಸ್ಥೆಯು 2002ರಿಂದ 2009ರವರೆಗೆ ಎಂಟು ವರ್ಷ ಫಾರ್ಮುಲಾ ಒನ್‌ನಲ್ಲಿ ಅಪಾರ ಧನವನ್ನು ವ್ಯಯಿಸಿ, ಒಂದು ಪಂದ್ಯವನ್ನೂ ಗೆಲ್ಲದೆ ಹಿಂದಿರುಗಿತು. 2012ರಲ್ಲಿ ಜರ್ಮನಿಯ ಕೊಲೋನ್ ನಗರದ ಅದೇ ಕರ್ಮಶಾಲೆಯಿಂದ, ಪೆಟ್ರೋಲು ವಿದ್ಯುತ್ತುಗಳೆರಡರಿಂದಲೂ ನಡೆಯುವ ಹೈಬ್ರಿಡ್ ಗಾಡಿಯನ್ನು ಲ ಮಾನಿಗೆ ಇಳಿಸಿತು. 2016ರಲ್ಲಿ ಗೆಲುವಿಗೆ ಕೆಲವೇ ನಿಮಿಷಗಳು ಉಳಿದಿರಲು, ಮುಂದಿದ್ದ ಅವರ ಗಾಡಿಯು ಬಲಗುಂದಿ ನಿಂತುಬಿಟ್ಟಿತು. ಕಾರಣವೇನು? ಟರ್ಬೋ ಯಂತ್ರದಿಂದ ಗಾಳಿಯನ್ನು ಒಯ್ಯುವ ಕೊಳವೆಯ ಒಂದು ಜೋಡಣೆ. 24 ಘಂಟೆಗಳಲ್ಲಿ 23ಕ್ಕೂ ಮಿಗಿಲಾಗಿ ಸರಿಯಾಗಿದ್ದುದು ಕೊನೆಗೆ ಕೆಟ್ಟಿತು. ಎರಡು ಘಂಟೆಯ ಪಂದ್ಯದಲ್ಲಾಗಿದ್ದರೆ ಆ ದೋಷವು ಬಯಲಿಗೆ ಬರುತ್ತಲೇ ಇರಲಿಲ್ಲ. 2018ರಿಂದ 2022ರವರೆಗೆ ಟೊಯೋಟವು ಎಡೆಬಿಡದೆ ಐದು ಸಲ ಗೆದ್ದಿತು.

ವಾದದಲ್ಲಿ ನ್ಯಾಯ ತಪ್ಪಬಾರದು. ಹೈಬ್ರಿಡ್ ಯಂತ್ರವು ಲ ಮಾನಿನಲ್ಲಿ ಹುಟ್ಟಿದುದಲ್ಲ. ಟೊಯೋಟದವರ ಪ್ರಿಯಸ್ 1997ರಲ್ಲಿಯೇ ಬೀದಿಗೆ ಬಂದಿತ್ತು. ಫಾರ್ಮುಲಾ ಒನ್ ಬರಿಯ ಆಡಂಬರವೆಂದೂ ಹೇಳಲಾಗದು. ಇಂಧನದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೆಲಸಕ್ಕೆ ತಿರುಗಿಸುವ ಯಂತ್ರವನ್ನು ಮರ್ಸಿಡಿಸ್‌ನವರು 2017ರಲ್ಲಿ ಸಾಧಿಸಿದುದು ಆ ಪಂದ್ಯಕ್ಕಾಗಿಯೇ. ಆದರೆ ಆ ವಿದ್ಯೆಯು ಗೃಹಸ್ಥನ ಗಾಡಿಗೆ ಇಳಿಯುವ ದಾರಿ ಬಲು ದೀರ್ಘ. ತಾಳಿಕೆಯ ಪಂದ್ಯವಾದರೋ ಹೊಸದನ್ನು ಕಂಡುಹಿಡಿಯುವುದಕ್ಕಿಂತ ಇದ್ದುದನ್ನು ಕೆಡದಂತೆ ಮಾಡುವುದನ್ನು ಕಲಿಸುತ್ತದೆ. ಕಮಲಾಪುರದ ದಾರಿಗೆ ನಾವು ಅಪೇಕ್ಷಿಸುವುದು ಆ ವಿದ್ಯೆಯನ್ನೇ; ಕಾರ್ಖಾನೆಯವರು ಎರಡರಲ್ಲೊಂದನ್ನು ಆರಿಸಬೇಕಾಗಿ ಬಂದರೆ ಇದನ್ನೇ ಆರಿಸಲೆಂಬುದು ನಮ್ಮ ಮತ.

ಕಾಲದ ಗಾಳಿಯು ಬೇರೆ ಕಡೆಗೆ ಬೀಸುತ್ತಿರುವುದನ್ನೂ ಹೇಳಬೇಕು. ಲ ಮಾನಿನಲ್ಲಿ 13 ಸಲ ಗೆದ್ದ ಆಡಿ ಸಂಸ್ಥೆಯು 2026ರಿಂದ ಫಾರ್ಮುಲಾ ಒನ್‌ಗೆ ಕಾಲಿಟ್ಟಿದೆ. ಅಲ್ಲಿ 19 ಸಲ ಗೆದ್ದ ಪೋರ್ಷೆಯವರು 2025ರ ಅಂತ್ಯಕ್ಕೆ ತಾಳಿಕೆಯ ವಿಶ್ವಪ್ರಶಸ್ತಿಯ ಮೇಲಣ ತರಗತಿಯನ್ನು ಬಿಟ್ಟರು. ಟೊಯೋಟವು ಲ ಮಾನನ್ನು ಬಿಡದೆಯೇ 2024ರಲ್ಲಿ ಹಾಸ್ ಎಂಬ ಫಾರ್ಮುಲಾ ಒನ್ ತಂಡದ ಕೈಹಿಡಿಯಿತು. ಆ ಕೈಗೆ ಬೀಳುವ ಹಣವು ಹೆಚ್ಚಿದಂತೆ ಈ ಕೈಯದು ಕುಗ್ಗುವುದೋ ಎಂಬುದನ್ನು ಬಿಡದಿಯ ಗಾಡಿಯನ್ನು ಕೊಂಡವರು ಗಮನಿಸುತ್ತಿರತಕ್ಕದ್ದು.