ಹಳಿಯಿಲ್ಲದೆ ಬಂದ ರೈಲು

ಎರಡನೇ ಮಹಾಯುದ್ಧದ ಕಾಲ. ಟೋಕಿಯೊದ ಶಾಲೆಯೊಂದರ ಟೀಚರು ಒಂದನೇ ಕ್ಲಾಸಿನ ಹುಡುಗಿಯ ಅಮ್ಮನನ್ನು ಕರೆಸಿ, ಇವಳನ್ನು ಬೇರೆಲ್ಲಾದರೂ ಸೇರಿಸಿ ಎಂದುಬಿಟ್ಟರು. ಹುಡುಗಿ ಡೆಸ್ಕಿನ ಮುಚ್ಚಳವನ್ನು ಒಂದೇ ಸಮನೆ ತೆಗೆದು ಮುಚ್ಚುತ್ತಿದ್ದಳು. ಅದು ಸಾಕಾದರೆ ಕಿಟಕಿಗೆ ಓಡಿ ಬೀದಿಯ ವಾದ್ಯದವರನ್ನು ಕೂಗಿ ಕರೆಯುತ್ತಿದ್ದಳು. ಅಮ್ಮ ಮಗಳಿಗೆ ಏನನ್ನೂ ಹೇಳಲಿಲ್ಲ. ಹೊಸ ಶಾಲೆ ನೋಡಿಬರೋಣ ಎಂದಳು, ಅಷ್ಟೆ.

ಸೊಸಾಕು ಕೊಬಾಯಾಶಿ 1937ರಲ್ಲಿ ತೆರೆದಿದ್ದ ತೊಮೊಎ ಶಾಲೆಯಲ್ಲಿ ಓಡಾಟ ಮುಗಿಸಿದ ರೈಲು ಬೋಗಿಗಳೇ ಕ್ಲಾಸ್‌ರೂಮು. ಹೆಡ್‌ಮಾಸ್ಟರು ಕೊಬಾಯಾಶಿ ಅಮ್ಮನನ್ನು ಮನೆಗೆ ಕಳಿಸಿ, ಕುರ್ಚಿ ಹತ್ತಿರಕ್ಕೆಳೆದು, ನಿನಗೆ ತೋಚಿದ್ದನ್ನೆಲ್ಲ ಹೇಳು ಎಂದರು. ಹುಡುಗಿ ನಾಲ್ಕು ಗಂಟೆ ಮಾತಾಡಿದಳು. ನಾಲ್ಕು ಗಂಟೆಯೂ ಅವರು ಕೇಳಿದರು.

ಒಂದು ದಿನ ಸುದ್ದಿ ಹಬ್ಬಿತು: ಇನ್ನೊಂದು ಬೋಗಿ ಬರುತ್ತದಂತೆ! ಶಾಲೆಯವರೆಗೆ ಹಳಿಯೇ ಇಲ್ಲ, ಬರುವುದು ಹೇಗೆ? ಮಕ್ಕಳ ತಲೆ ಬಿಸಿಯಾಯಿತು. ಕಣ್ಣಾರೆ ನೋಡಲೇಬೇಕೆಂದು ಹಟ ಹಿಡಿದು, ರಾತ್ರಿ ಶಾಲೆಯಲ್ಲೇ ಮಲಗಿದರು.

ಬೀರೂರಿನಿಂದ ಬರುವ ರೈಲು ಭದ್ರಾವತಿ ದಾಟಿ ಶಿವಮೊಗ್ಗ ಮುಟ್ಟುವುದನ್ನು ನೋಡುತ್ತ ಬೆಳೆದ ಮಕ್ಕಳಿಗೆ ಈ ಕತೆ ಓದಿ ಹೇಳುವ ಮೇಷ್ಟ್ರು ಇಲ್ಲೊಮ್ಮೆ ಪುಸ್ತಕ ಮುಚ್ಚಿ, ಬೋಗಿ ಹೇಗೆ ಬಂದೀತು ಎಂದು ಕೇಳಬೇಕು. ಕಬ್ಬಿಣದ ಕಾರ್ಖಾನೆಯ ಊರಿನ ಹುಡುಗ ಕ್ರೇನ್ ಅಂದಾನು. ಮಲೆನಾಡಿನ ಮರದ ಲಾರಿ ಕಂಡವಳು ಲಾರಿಯ ಮೇಲೆ ಅಂದಾಳು. ಅವಳ ಊಹೆಯೇ ಹತ್ತಿರ: ಬೆಳಕು ಹರಿಯುವ ಮೊದಲೇ ಟ್ರ್ಯಾಕ್ಟರಿನ ಹಿಂದೆ, ಟ್ರೇಲರ್ ಮೇಲೆ ಬೋಗಿ ಬಂತು. ಕೆಲಸದವರು ಮರದ ದಿಮ್ಮಿಗಳನ್ನು ಉರುಳಿಸಿ ಅದನ್ನು ನಿಧಾನಕ್ಕೆ ಕೆಳಗಿಳಿಸಿದರು.

ಆದರೆ ಇನ್ನೊಂದು ಒಗಟು ಹುಡುಗಿಗೆ ಆಗ ಬಿಡಿಸಲಾಗಲೇ ಇಲ್ಲ. ಶಾಲೆಯಲ್ಲಿ ತಕಹಾಶಿ ಎಂಬ ಹುಡುಗನಿದ್ದ. ಕೈಕಾಲು ತೀರಾ ಗಿಡ್ಡ, ಇನ್ನು ಬೆಳೆಯುವ ಹಾಗೂ ಇರಲಿಲ್ಲ. ಆಟೋಟದ ದಿನ ಬಟ್ಟೆಯ ದೊಡ್ಡ ಮೀನಿನ ಬಾಯಿಯಿಂದ ನುಗ್ಗಿ ಬಾಲದಿಂದ ಹೊರಬೀಳುವ ಪಂದ್ಯ. ಉದ್ದ ಕಾಲಿನವರು ಒಳಗೇ ತಡಕಾಡುತ್ತಿದ್ದರೆ ತಕಹಾಶಿ ಆಚೆ ಬಂದಿದ್ದ. ಕೊನೆಯದು ಸಭಾಭವನದ ಮೆಟ್ಟಿಲು ಹತ್ತುವ ಓಟ, ಅಲ್ಲೂ ಅವನೇ ಮೊದಲು. ಬಹುಮಾನ ಮೂಲಂಗಿ! ಯಾಕೆ ಅವನೇ ಗೆಲ್ಲುತ್ತಾನೆ? ಉಳಿದವರು ಎಷ್ಟು ತಿಣುಕಿದರೂ ಅವನನ್ನು ಹಿಂದಿಕ್ಕಲಾಗಲಿಲ್ಲ.

1945ರ ಬಾಂಬ್ ದಾಳಿಯಲ್ಲಿ ಬೋಗಿಗಳು ಸುಟ್ಟುಹೋದವು. ಉರಿಯುವ ಶಾಲೆಯನ್ನು ನೋಡುತ್ತ ನಿಂತ ಕೊಬಾಯಾಶಿ, ಮುಂದೆ ಎಂಥ ಶಾಲೆ ಕಟ್ಟೋಣ ಎಂದು ಮಗನನ್ನು ಕೇಳಿದರು. ಅಂಥ ಇನ್ನೊಂದು ಶಾಲೆ ಏಳಲಿಲ್ಲ. 1963ರಲ್ಲಿ ಅವರು ತೀರಿಕೊಂಡರು.

ತನ್ನನ್ನು ಮೊದಲ ಶಾಲೆಯಿಂದ ಹೊರಹಾಕಿದ್ದರು ಎಂಬುದು ಹುಡುಗಿಗೆ ಗೊತ್ತಾದದ್ದು ಇಪ್ಪತ್ತು ತುಂಬಿದ ಮೇಲೆ, ಅಮ್ಮ ಬಾಯಿಬಿಟ್ಟಾಗ. ಅಷ್ಟು ವರ್ಷ ಅಮ್ಮ ಅದನ್ನು ಒಡಲಲ್ಲಿಟ್ಟುಕೊಂಡದ್ದು ಸಣ್ಣ ಮಾತಲ್ಲ. ಆ ಹುಡುಗಿ, ಟಿ.ವಿ. ನಟಿ ತೆತ್ಸುಕೊ ಕುರೊಯಾನಗಿ, 1979ರಿಂದ ಪತ್ರಿಕೆಯಲ್ಲಿ ಬರೆಯುತ್ತ ಹೋದ ನೆನಪುಗಳು 1981ರಲ್ಲಿ ‘ತೊತ್ತೋ-ಚಾನ್’ ಆದವು. ಕನ್ನಡಕ್ಕೂ ಬಂದವು. ಬರೆಯುವ ಹೊತ್ತಿಗೆ ತಕಹಾಶಿಯ ಒಗಟೂ ಬಿಚ್ಚಿಕೊಂಡಿತ್ತು.

ಪಂದ್ಯಗಳನ್ನು ಆರಿಸಿದವರು ಹೆಡ್‌ಮಾಸ್ಟರು. ಮೀನಿನ ಹೊಟ್ಟೆ ಇಕ್ಕಟ್ಟು. ಮೆಟ್ಟಿಲುಗಳು ಗಿಡ್ಡ, ಒಂದು ಹೆಜ್ಜೆಗೆ ಒಂದೇ ಮೆಟ್ಟಿಲು, ಹಾರುವಂತಿಲ್ಲ.